ಕಾರಣ ಕೇಳದ ಕಚೇರಿಗೆ ನಾನು ಬರೆದ ಎರಡು ಪುಟದ ಪತ್ರ

ನನ್ನ ಕೆಲಸ ಬೇರೆಯವರ ಹಿಂದಿನದನ್ನು ಕೆದಕುವುದು. ಕೇಳೋದಕ್ಕೆ ಚೆನ್ನಾಗಿಲ್ಲ, ಗೊತ್ತು. ಕಂಪನಿಗಳು ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ, ಅವರು ಹೇಳಿದ ಡಿಗ್ರಿ ನಿಜವೇ, ಹಳೆಯ ಕೆಲಸ ನಿಜವೇ, ಕೋರ್ಟು ಪೊಲೀಸು ಅಂತ ಏನಾದರೂ ಇದೆಯೇ ಎಂದು ನೋಡಿ ವರದಿ ಕೊಡಬೇಕು. ಗೋಥೆನ್‌ಬರ್ಗ್ ಪಕ್ಕದ ಮೋಲ್ನ್‌ಡಾಲ್‌ನಲ್ಲಿ ನಮ್ಮದು ಆರು ಮೇಜಿನ ಕಚೇರಿ. ಕಿಟಕಿಯಾಚೆ ಟ್ರಾಮ್ ನಿಲ್ದಾಣ, ಒಳಗೆ ಕಾಫಿ ಯಂತ್ರ, ನಡುವೆ ನಾನು.

ಇದು ಜೂನ್ ತಿಂಗಳ ಮಾತು. ಸ್ವೀಡನ್‌ನಲ್ಲಿ ಇರುವವರಿಗೆ ಜೂನ್ ಎಂದರೆ ಏನೆಂದು ವಿವರಿಸಬೇಕಿಲ್ಲ. ಮಿಡ್‌ಸೊಮ್ಮರ್ ಹಬ್ಬ ಬಂತೆಂದರೆ ಇಡೀ ದೇಶ ಬಾಗಿಲು ಹಾಕಿಕೊಂಡು ಕೆರೆ ದಂಡೆಗೆ ಹೋಗಿಬಿಡುತ್ತದೆ. ಮತ್ತೆ ಯಾರಾದರೂ ಫೋನ್ ಎತ್ತುವುದು ಆಗಸ್ಟ್‌ನಲ್ಲಿ. ಹಾಗಾಗಿ ಜೂನ್‌ನಲ್ಲಿ ನನ್ನ ಮೇಜಿನ ಮೇಲಿರುವ ಪ್ರತಿ ಫೈಲೂ ‘ಹಬ್ಬದೊಳಗೆ ಮುಗಿಸಿ’ ಎನ್ನುತ್ತಿರುತ್ತದೆ. ನನಗೆ ಸರಿಯಾಗಿ ನಿದ್ದೆಯೂ ಇರಲಿಲ್ಲ, ರಾತ್ರಿ ಹನ್ನೊಂದು ಗಂಟೆಗೂ ಬೆಳಕು.

ಆ ಫೈಲುಗಳಲ್ಲಿ ಒಂದು ನಮ್ಮವರದ್ದು. ಗಂಗೊಳ್ಳಿಯವರು, ಕುಂದಾಪುರದ ಹತ್ತಿರ. ನಲವತ್ತು ದಾಟಿದ ಎಂಜಿನಿಯರ್. ಉತ್ತರದ ಒಂದು ಸಣ್ಣ ಊರಿನಲ್ಲಿ, ಕೊಮ್ಮೂನ್ ಅಂದರೆ ಅಲ್ಲಿನ ನಗರಸಭೆಯ ಕುಡಿಯುವ ನೀರಿನ ಘಟಕದಲ್ಲಿ, ಐದು ವರ್ಷ ಕೆಲಸ ಮಾಡಿದ್ದರು. ಅಲ್ಲಿಯ ಕೆಲಸ ಮುಗಿದಿತ್ತು. ಈಗ ಇಲ್ಲಿನ ಒಂದು ಔಷಧ ತಯಾರಿಕೆಯ ಜಾಗದಲ್ಲಿ, ಶುದ್ಧ ನೀರಿನ ವ್ಯವಸ್ಥೆ ನೋಡಿಕೊಳ್ಳುವ ಕೆಲಸಕ್ಕೆ ಆಯ್ಕೆಯಾಗಿದ್ದರು. ಆಫರ್ ಪತ್ರ ತಯಾರು, ನಮ್ಮ ವರದಿ ಒಂದೇ ಬಾಕಿ. ಅವರು ವರ್ಕ್ ಪರ್ಮಿಟ್‌ನಲ್ಲಿದ್ದವರು. ಕೆಲಸ ಹೋದರೆ ಮೂರು ತಿಂಗಳೊಳಗೆ ಇನ್ನೊಂದು ಹಿಡಿಯಬೇಕು, ಇಲ್ಲದಿದ್ದರೆ ಹೆಂಡತಿ, ಮಗಳ ಜೊತೆ ದೇಶ ಬಿಡಬೇಕು. ಆ ಮೂರು ತಿಂಗಳಲ್ಲಿ ಜುಲೈ ಮಧ್ಯದವರೆಗಿನ ದಿನಗಳಷ್ಟೇ ಉಳಿದಿದ್ದವು. ಕ್ಲೈಂಟ್ ಸ್ಪಷ್ಟವಾಗಿ ಹೇಳಿತ್ತು: ಹಬ್ಬದ ಮುಂಚಿನ ಬುಧವಾರ ಮಧ್ಯಾಹ್ನದೊಳಗೆ ವರದಿ ಬರದಿದ್ದರೆ ಫೈಲ್ ಮುಚ್ಚುತ್ತೇವೆ, ಮುಂದಿನದು ಆಗಸ್ಟ್‌ನಲ್ಲಿ. ಆಗಸ್ಟ್‌ಗೆ ಅವರು ಗಂಗೊಳ್ಳಿಯಲ್ಲಿರುತ್ತಿದ್ದರು.

ಹಬ್ಬದ ಹಿಂದಿನ ವಾರದ ಸೋಮವಾರ ಡೇಟಾಬೇಸ್‌ನಲ್ಲಿ ಅವರ ಹೆಸರು ಹಾಕಿದೆ. ಒಂದು ಸಾಲು ಬಂತು. ಉತ್ತರದ ಒಂದು ಜಿಲ್ಲಾ ಕೋರ್ಟು, ಕ್ರಿಮಿನಲ್ ಪ್ರಕರಣ, ಒಂದು ಸಂಖ್ಯೆ. ಅದರ ಮುಂದೆ ‘ಕೈಬಿಡಲಾಗಿದೆ’. ಅಷ್ಟೇ.

ಇಲ್ಲಿ ಸ್ವಲ್ಪ ಪದ್ಧತಿ ಹೇಳಬೇಕು. ಸ್ವೀಡನ್‌ನಲ್ಲಿ ಒಬ್ಬರ ಅಪರಾಧ ದಾಖಲೆಯ ಪ್ರತಿಯನ್ನು ಅವರೇ ಪೊಲೀಸರಿಂದ ತರಿಸಿ ತೋರಿಸಬೇಕು. ಇವರು ತೋರಿಸಿದ್ದರು, ಖಾಲಿ ಹಾಳೆ. ಆದರೆ ಡೇಟಾಬೇಸ್‌ನಲ್ಲಿ ಸಾಲು ಬಂದರೆ ಅದು ಯಾವುದರ ಬಗ್ಗೆ ಎಂದು ಕಾಗದ ಸಮೇತ ವಿವರಿಸಬೇಕು, ಇದು ಕ್ಲೈಂಟ್‌ನ ನಿಯಮ. ಪ್ರಕರಣ ತೀರ್ಪಿನವರೆಗೆ ಹೋಗಿದ್ದರೆ ಕೋರ್ಟಿಗೆ ಒಂದು ಮೇಲ್ ಹಾಕಿ ತೀರ್ಪು ತರಿಸಿದರೆ ಆಯಿತು. ಕೈಬಿಟ್ಟ ಪ್ರಕರಣಕ್ಕೆ ತೀರ್ಪೇ ಇರುವುದಿಲ್ಲ. ಏನಾಗಿತ್ತು ಎಂದು ಗೊತ್ತಾಗಬೇಕಾದರೆ ಪೊಲೀಸರ ತನಿಖಾ ವರದಿಯೇ ಬೇಕು. ಅದು ಇದ್ದದ್ದು ಆ ಊರಿನ ಪುಟ್ಟ ಪೊಲೀಸ್ ಕಚೇರಿಯಲ್ಲಿ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಗುರುವಾರ, ಅಲ್ಲಿನ ಕೌಂಟರ್ ತೆರೆದಿರುತ್ತದೆ.

ಮಂಗಳವಾರ ಬೆಳಿಗ್ಗೆ ಆ ಎಂಜಿನಿಯರ್‌ಗೆ ಫೋನ್ ಮಾಡಿದೆ. ಕನ್ನಡ ಕೇಳಿ ಖುಷಿಪಟ್ಟರು. ಪ್ರಕರಣ ಎಂದ ಕೂಡಲೇ ದನಿ ಇಳಿಯಿತು.

“ಅದು ಸಣ್ಣ ವಿಷಯ ಮೇಡಂ. ಮುಗ್ದು ಹೋಗಿದೆ.”

ಯಾವ ವಿಷಯ ಎಂದೆ. ಮತ್ತೆ ಅದೇ ಉತ್ತರ. ಮೂರನೇ ಸಲ ಕೇಳಿದಾಗ ಮಗಳನ್ನು ಶಾಲೆಗೆ ಬಿಡಬೇಕು ಎಂದು ಫೋನ್ ಇಟ್ಟರು. ಹತ್ತೂವರೆಗೆ ಯಾವ ಶಾಲೆ?

ಈ ಕೆಲಸದಲ್ಲಿ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರಾದರೂ ಬಾಯಿ ಬಿಡಲಿಲ್ಲ ಎಂದರೆ ಖಾಲಿ ಜಾಗವನ್ನು ನಾವೇ ತುಂಬುತ್ತೇವೆ, ಅದೂ ಅತ್ಯಂತ ಕೆಟ್ಟದ್ದರಿಂದ. ಕೆಲಸ ಔಷಧದ ಜಾಗದಲ್ಲಿ, ಅಲ್ಲಿ ಬೀಗ ಹಾಕಿಡುವ ಔಷಧಗಳಿವೆ, ಮನುಷ್ಯ ಮುಚ್ಚಿಡುತ್ತಿದ್ದಾನೆ. ನಾನು ಲೆಕ್ಕ ಕೂಡಿಸಿಬಿಟ್ಟೆ.

ಪತ್ರ ಬರೆಯಲು ಕುಳಿತೆ. ಬೆಂಗಳೂರಿನಲ್ಲಿ ನಾನು ಒಬ್ಬ ವಕೀಲರ ಆಫೀಸಿನಲ್ಲಿ ಪತ್ರ ಬರೆದು ಬರೆದು ಪಳಗಿದವಳು. ಕಾರಣ ಕೊಡದ ಅರ್ಜಿಯನ್ನು ಯಾವ ಗುಮಾಸ್ತನೂ ಮುಟ್ಟುವುದಿಲ್ಲ ಎಂದು ಅವರು ಕಲಿಸಿದ್ದರು. ನೀನು ಯಾರು, ಯಾರ ಪರವಾಗಿ ಕೇಳುತ್ತೀಯ, ಯಾಕೆ ತುರ್ತು, ಎಲ್ಲ ಬರಿ. ಮೇಲೆ ವಿಷಯ, ಕೆಳಗೆ ಉಲ್ಲೇಖ, ಕೊನೆಗೆ ಸಂಬಂಧಪಟ್ಟ ಎಲ್ಲರಿಗೂ ಪ್ರತಿ. ನಾಲ್ಕು ಜನಕ್ಕೆ ಪ್ರತಿ ಹೋಗಿದೆ ಎಂದು ಕಂಡರೆ ಐದನೆಯವನು ಕೆಲಸ ಮಾಡುತ್ತಾನೆ.

ಅದನ್ನೇ ಸ್ವೀಡಿಷ್‌ನಲ್ಲಿ ಬರೆದೆ. ಎರಡು ಪುಟ. ನನ್ನ ಹೆಸರು, ಕಂಪನಿಯ ಹೆಸರು, ಅವರ ಪೂರ್ತಿ ಹೆಸರು, ಅವರಿಗೆ ಸಿಗಲಿರುವ ಕೆಲಸ, ಗಡುವು. ನಡುವೆ ಒಂದು ವಾಕ್ಯ: ‘ಈ ಪ್ರಕರಣ ಕಳ್ಳತನಕ್ಕೆ ಅಥವಾ ಮಾದಕ ವಸ್ತುಗಳಿಗೆ ಸಂಬಂಧಿಸಿದ್ದೇ ಎಂಬುದು ನಮಗೆ ತಿಳಿಯಬೇಕಿದೆ.’ ಪೊಲೀಸರಿಗೆ ಕಳಿಸಿದೆ. ಒಂದು ಪ್ರತಿ ಕೋರ್ಟಿಗೆ. ಇನ್ನೊಂದು ಪ್ರತಿ, ಹಳೆಯ ಕೆಲಸದ ದೃಢೀಕರಣವೂ ಬೇಕಿತ್ತಲ್ಲ ಎಂದು, ಅವರು ದುಡಿದಿದ್ದ ಅದೇ ಕೊಮ್ಮೂನ್‌ಗೆ. ಕಳಿಸಿ, ಒಳ್ಳೆಯ ಪತ್ರ ಬರೆದೆ ಎಂದುಕೊಂಡು ಫೀಕಾಗೆ, ಅಂದರೆ ಇಲ್ಲಿನ ಕಾಫಿ ವಿರಾಮಕ್ಕೆ, ಹೋದೆ. ದಾಲ್ಚಿನ್ನಿ ಬನ್ ತಿಂದೆ.

ಗುರುವಾರ ಬೆಳಿಗ್ಗೆ ಉತ್ತರದಿಂದ ಫೋನ್ ಬಂತು. ಪೊಲೀಸ್ ಕಚೇರಿಯ ದಾಖಲೆ ನೋಡಿಕೊಳ್ಳುವವರು, ವಯಸ್ಸಾದ ಗಂಡಸಿನ ದನಿ. ಆ ಕಡೆಯವರು ಹೌದು ಎನ್ನುವ ಬದಲು ಉಸಿರನ್ನು ಸುಯ್ಯೆಂದು ಒಳಗೆಳೆದುಕೊಳ್ಳುತ್ತಾರೆ, ನಾನು ಕೇಳಿದ ಪ್ರತಿಯೊಂದಕ್ಕೂ ಹಾಗೇ ಮಾಡುತ್ತಿದ್ದರು. ವರದಿ ಸಿಕ್ಕಿದೆ ಎಂದರು. ಅದರಲ್ಲಿ ಬೇರೆಯವರ ಹೆಸರುಗಳಿವೆ, ಯಾವುದನ್ನು ಮುಚ್ಚಬೇಕು ಎಂದು ಓದಿ ನೋಡಬೇಕು, ಮುಂದಿನ ಮಂಗಳವಾರ ಕಳಿಸುತ್ತೇನೆ ಎಂದರು. ಧನ್ಯವಾದ ಹೇಳಿ ಇಡುವವಳಿದ್ದೆ.

“ಇನ್ನೊಂದು ಮಾತು,” ಎಂದರು. “ನೀವು ಯಾರು ಅಂತ ನಾನು ಕೇಳೋ ಹಾಗಿಲ್ಲ. ಯಾಕೆ ಬೇಕು ಅಂತಾನೂ ಕೇಳೋ ಹಾಗಿಲ್ಲ, ತೀರಾ ಅಗತ್ಯ ಬಿದ್ದರೆ ಹೊರತು. ನೀವು ಎರಡನ್ನೂ ಎರಡು ಪುಟ ಬರೆದಿದ್ದೀರಿ.”

ತುರ್ತು ಇತ್ತು ಎಂದೆ.

“ಸಂಖ್ಯೆ ಬರೆದಿದ್ದರೆ ಸಾಕಿತ್ತು. ಈಗ ನಿಮ್ಮ ಪತ್ರವೂ ಸಾರ್ವಜನಿಕ ದಾಖಲೆ. ನನ್ನ ಹತ್ತಿರ ಯಾರಾದರೂ ಕೇಳಿದರೆ ಹೆಸರಿಗೆ ಕಪ್ಪು ಬಳಿದು ಕೊಡಬಹುದು. ಆದರೆ ನೀವು ಕೊಮ್ಮೂನ್‌ಗೂ ಕಳಿಸಿದ್ದೀರಿ.”

ಇಷ್ಟು ವರ್ಷ ಈ ಪದ್ಧತಿಯ ಅನ್ನ ತಿಂದವಳು ನಾನು. ಸರ್ಕಾರಿ ಕಚೇರಿಯಲ್ಲಿರುವ ಕಾಗದವನ್ನು ಯಾರು ಬೇಕಾದರೂ ಕೇಳಬಹುದು, ಕಾರಣ ಹೇಳಬೇಕಿಲ್ಲ, ಅದಕ್ಕೇ ನನ್ನ ಸಂಬಳ. ಅದೇ ಬಾಗಿಲಿನಿಂದ ನನ್ನ ಕಾಗದವೂ ಹೊರಗೆ ಹೋಗಬಹುದು ಎಂದು ತಲೆಗೆ ಹೋಗಿರಲಿಲ್ಲ. ಕೊಮ್ಮೂನ್‌ಗೆ ಬಂದ ಪತ್ರಗಳ ಪಟ್ಟಿಯನ್ನು ಅಲ್ಲಿನ ಪತ್ರಿಕೆಯವರು ದಿನವೂ ತಿರುವಿ ಹಾಕುತ್ತಾರೆ. ಸಣ್ಣ ಊರಿನಲ್ಲಿ ಸುದ್ದಿ ಹುಟ್ಟುವುದೇ ಆ ಪಟ್ಟಿಯಲ್ಲಿ.

ಪತ್ರ ಹಿಂದಕ್ಕೆ ತೆಗೆದುಕೊಳ್ಳಬಹುದೇ ಎಂದು ಕೇಳಿದೆ.

“ಬಂದದ್ದು ಬಂದ ಹಾಗೆ,” ಎಂದರು. “ಇನ್ನೊಂದು ಪತ್ರ ಬರೆಯಬಹುದು. ಅದನ್ನೂ ಇದರ ಪಕ್ಕಕ್ಕೇ ಇಡುತ್ತಾರೆ. ಮತ್ತೆ, ಆ ಮನುಷ್ಯ ತನ್ನದೇ ವರದಿಯನ್ನು ತಾನೇ ಫೋನ್ ಮಾಡಿ ಕೇಳಬಹುದಿತ್ತು, ಗೊತ್ತಲ್ಲ?”

ಗೊತ್ತಿತ್ತು. ಹೊಳೆದಿರಲಿಲ್ಲ.

ನನ್ನ ಬಾಸ್‌ಗೆ ಹೇಳಿದೆ. ಅರವತ್ತರ ಹೆಂಗಸು, ಬೈಯುವುದಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ, ಅದೇ ಬೈಗುಳ. ಪತ್ರ ಓದಿದರು. ಇದು ಮಾಹಿತಿ ಸೋರಿಕೆ, ಎಪ್ಪತ್ತೆರಡು ಗಂಟೆಯೊಳಗೆ ಮಾಹಿತಿ ರಕ್ಷಣಾ ಪ್ರಾಧಿಕಾರಕ್ಕೆ ವರದಿ ಮಾಡಬೇಕು, ಅಭ್ಯರ್ಥಿಗೆ ನಮ್ಮ ಕಾನೂನು ಸಲಹೆಗಾರರು ಸರಿಯಾದ ಪದಗಳಲ್ಲಿ ಬರೆಯುತ್ತಾರೆ, ಅಲ್ಲಿಯವರೆಗೆ ನೀನು ಅವರೊಂದಿಗೆ ಮಾತಾಡಬೇಡ ಎಂದರು. ಸಲಹೆಗಾರರು ಯಾವಾಗ ಬರೆಯುತ್ತಾರೆ ಎಂದೆ. ಬಹುಶಃ ಮುಂದಿನ ವಾರದ ಕೊನೆಗೆ. ಮುಂದಿನ ವಾರದ ಕೊನೆ ಎಂದರೆ ಹಬ್ಬ.

ಬಾಸ್ ಹೇಳಿದ್ದು ತಪ್ಪಲ್ಲ, ನಿಯಮ ಅದೇ. ಆದರೆ ಆ ಮನುಷ್ಯನಿಗೆ ತನ್ನ ಹೆಸರಿನ ಕೆಳಗೆ ಏನು ಬರೆದಿದೆ ಎಂದು ಹಳೆಯ ಸಹೋದ್ಯೋಗಿಯ ಬಾಯಿಂದ ಗೊತ್ತಾಗುವುದು ನನಗೆ ಬೇಡವಾಗಿತ್ತು. ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತೆ. ಡಬ್ಬಿ ತೆಗೆಯಲಿಲ್ಲ. ಫೋನ್ ಮಾಡಿದೆ.

ತಪ್ಪು ನನ್ನದು ಎಂದು ಶುರು ಮಾಡಿ, ಎಲ್ಲಿಗೆಲ್ಲ ಕಳಿಸಿದ್ದೇನೆ ಎಂದು ಹೇಳಿದೆ. ಪತ್ರ ಓದಿ ಎಂದರು. ಕನ್ನಡಕ್ಕೆ ತಿರುಗಿಸಿ ಓದಿದೆ. ಒಂದು ಟ್ರಾಮ್ ಬಂದು ಹೋಯಿತು.

“ಮಾದಕ ವಸ್ತು ಅಂತ ಬರ್ದಿದ್ದೀರಾ. ನನ್ನ ಹೆಸ್ರು ಹಾಕಿ.”

“ಹೌದು. ನೀವೇನೂ ಹೇಳ್ಲಿಲ್ಲ, ನಾನು ಊಹೆ ಮಾಡ್ಕೊಂಡೆ.”

“ಇಲ್ಲಿಯವ್ರು ಯಾರೂ ಹಾಗೆ ಊಹೆ ಮಾಡ್ಲಿಲ್ಲ ಮೇಡಂ. ನನ್ನ ಹಿಡ್ದ ಪೊಲೀಸೂ ಮಾಡ್ಲಿಲ್ಲ. ಕನ್ನಡದವ್ರು ಮಾಡಿದ್ದು.”

ತೆಗೆಯದ ಡಬ್ಬಿಯನ್ನು ಬೆಂಚಿನ ಮೇಲೆ ಪಕ್ಕಕ್ಕೆ ಸರಿಸಿದೆ.

ಆಮೇಲೆ ಅವರೇ ಹೇಳಿದರು. ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ, ಆ ಊರಿನ ಕೆರೆಯಲ್ಲಿ ಮೀನು ಹಿಡಿದಿದ್ದರು. ಬೀಸುಬಲೆ ಹಾಕಿ. ಊರಿನಿಂದ ಬರುವಾಗ ಸೂಟ್‌ಕೇಸ್‌ನಲ್ಲಿ ತಂದ ಬಲೆ, ಮಾವ ಹೆಣೆದದ್ದು. ಮೀನು ಹಿಡಿಯಲು ಕಾರ್ಡು ಬೇಕು ಎಂದು ಗೊತ್ತಿದ್ದು ಕಾರ್ಡನ್ನೂ ತೆಗೆದುಕೊಂಡಿದ್ದರು. ಆ ಕಾರ್ಡು ಗಾಳಕ್ಕೆ ಮಾತ್ರ, ಬಲೆಗಲ್ಲ ಎಂದು ಗೊತ್ತಿರಲಿಲ್ಲ. ಗಂಗೊಳ್ಳಿಯವರಿಗೆ ಮೀನು ಎಂದರೆ ಬಲೆ, ಗಾಳ ಹಿಡಿದು ಕೂರುವುದು ಕೆಲಸವಿಲ್ಲದವರು. ಕೆರೆಯಂಚಿನ ಮನೆಯವರು ಯಾರೋ ಪೊಲೀಸರಿಗೆ ಫೋನ್ ಮಾಡಿದರು. ಕಾನೂನುಬಾಹಿರ ಮೀನುಗಾರಿಕೆ ಎಂದು ಪ್ರಕರಣ ಕೋರ್ಟಿನವರೆಗೂ ಹೋಯಿತು, ಕಾರ್ಡು ನೋಡಿ, ಬೇಕೆಂದು ಮಾಡಿದ್ದಲ್ಲ ಎಂದು ಸರ್ಕಾರಿ ವಕೀಲರು ಕೈಬಿಟ್ಟರು.

ಇದನ್ನು ಮಂಗಳವಾರವೇ ಹೇಳಬಹುದಿತ್ತಲ್ಲ ಎಂದೆ. ಸಿಟ್ಟಿನಿಂದಲ್ಲ, ಸುಸ್ತಿನಿಂದ.

“ನಮ್ಮ ಮನೇಲಿ ಎಲ್ರೂ ಮೀನು ಹಿಡ್ದೇ ಬದುಕಿದ್ದು. ಮೀನು ಕದ್ದ ಅಂತ ಪೊಲೀಸ್ ಕಾರಲ್ಲಿ ಕೂರ್ಸಿದ್ರು ಅಂತ ಯಾರಿಗೆ ಹೇಳುದು? ಹೆಂಡ್ತಿಗೂ ಹೇಳ್ಲಿಲ್ಲ. ಬಲೆ ಕಳ್ದುಹೋಯ್ತು ಅಂದಿದ್ದೇನೆ.”

ಬಲೆ ಏನಾಯಿತು ಎಂದೆ. ಪ್ರಕರಣ ಮುಗಿದ ಮೇಲೆ ಬಂದು ತೆಗೆದುಕೊಂಡು ಹೋಗಿ ಎಂದು ಪೊಲೀಸರ ಪತ್ರ ಬಂದಿತ್ತಂತೆ. ಇವರು ಹೋಗಿರಲಿಲ್ಲ. ಪೊಲೀಸ್ ಕಚೇರಿಯ ಎದುರಿಗೇ ಕೊಮ್ಮೂನ್ ಕಟ್ಟಡ, ಕೌಂಟರಿನಿಂದ ಬಲೆ ಹಿಡಿದು ಹೊರಬಂದರೆ ಆಫೀಸಿನ ಅಷ್ಟೂ ಕಿಟಕಿಗಳಿಗೆ ಕಾಣುತ್ತದೆ.

ಅವರು ಫೋನ್ ಇಟ್ಟರು. ನಾನು ಒಳಗೆ ಹೋಗಿ, ಅವರಿಗೆ ಫೋನ್ ಮಾಡಿದ್ದೆ ಎಂದು ಬಾಸ್‌ಗೆ ಹೇಳಿದೆ. ಕನ್ನಡಕ ಮತ್ತೆ ಮೇಜಿನ ಮೇಲೆ ಕುಳಿತಿತು. ಎರಡನೇ ಪತ್ರ ಬರೆದೆ, ಆ ಮೂರೂ ಕಚೇರಿಗಳಿಗೆ: ಹಿಂದಿನ ಪತ್ರದ ಆ ವಾಕ್ಯ ನನ್ನ ಊಹೆ, ಅದಕ್ಕೆ ಯಾವ ಆಧಾರವೂ ಇಲ್ಲ. ಈ ಸಲ ಬಾಸ್ ಓದಿದ ಮೇಲೆ ಕಳಿಸಿದೆ.

ಶನಿವಾರ, ಭಾನುವಾರ ಏನೂ ಆಗಲಿಲ್ಲ. ಸೋಮವಾರ ಹತ್ತು ಗಂಟೆಗೆ ಆ ಊರಿನ ಪತ್ರಿಕೆಯ ವರದಿಗಾರ್ತಿ ಫೋನ್ ಮಾಡಿದಳು. ಎರಡೂ ಪತ್ರಗಳು ಅವಳ ಮುಂದಿದ್ದವು. ಊರಿಗೆಲ್ಲ ನೀರು ಕೊಡುತ್ತಿದ್ದ ಎಂಜಿನಿಯರ್ ಮೇಲೆ ಮಾದಕ ವಸ್ತುವಿನ ಅನುಮಾನ ಇತ್ತೇ? ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಆ ಊರಿನಲ್ಲಿದ್ದು ಆ ನೀರು ಕುಡಿಯುತ್ತಿದ್ದರೆ ನಾನೂ ಕೇಳುತ್ತಿದ್ದೆ.

ಬಾಸ್ ದೂರದಿಂದಲೇ ತಲೆಯಾಡಿಸಿದರು, ಏನೂ ಹೇಳಬೇಡ ಎಂದು. ನಮ್ಮ ಕಂಪನಿ ಏನೂ ಹೇಳುವುದಿಲ್ಲ ಎನ್ನುವುದು ಸುಲಭ. ಆದರೆ ಹಾಗೆಂದರೆ ಅವಳು ಏನು ಬರೆಯುತ್ತಾಳೆ? ಪ್ರತಿಕ್ರಿಯಿಸಲು ನಿರಾಕರಿಸಿದರು ಎಂದು. ಅದನ್ನು ನೀರಿನ ಎಂಜಿನಿಯರ್ ಹೆಸರಿನ ಕೆಳಗೆ ಓದಿದವರು ಏನು ತಿಳಿದುಕೊಳ್ಳುತ್ತಾರೆ? ಹಿಂದಿನ ಮಂಗಳವಾರ ನಾನು ತಿಳಿದುಕೊಂಡದ್ದನ್ನೇ.

ಹೇಳಿದೆ. ಆ ವಾಕ್ಯವನ್ನು ಬರೆದವಳು ನಾನು, ಅದು ನನ್ನ ತಲೆಯಿಂದ ಬಂದದ್ದು, ಪೊಲೀಸರಿಂದ ಬಂದದ್ದಲ್ಲ, ಬೇಕಾದರೆ ನನ್ನ ಹೆಸರು ಹಾಕಿ. ಹಾಗಾದರೆ ಪ್ರಕರಣ ಯಾವುದು ಎಂದಳು. ಅದು ಅವರ ವಿಷಯ, ಅವರು ಹೇಳಿದರೆ ಹೇಳಬಹುದು ಎಂದೆ. ಮಧ್ಯಾಹ್ನ ಎರಡರವರೆಗೆ ಸಮಯ ಕೊಟ್ಟಳು.

ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೆಸೇಜ್ ಹಾಕಿದೆ. ಹನ್ನೆರಡೂಕಾಲಿಗೆ ಅವರೇ ಮಾಡಿದರು. ವಿಷಯ ಹೇಳಿದೆ. ನೀವು ಮಾತಾಡಲೇಬೇಕು ಎಂದೇನಿಲ್ಲ, ಬೇಡ ಎಂದರೆ ನಾನು ನನ್ನ ತಪ್ಪಿನ ಬಗ್ಗೆ ಮಾತ್ರ ಹೇಳಿ ಮುಗಿಸುತ್ತೇನೆ ಎಂದೆ.

“ನಂಬರ್ ಕೊಡಿ,” ಎಂದರು. ಅಷ್ಟೇ.

ಮಂಗಳವಾರ ಬೆಳಿಗ್ಗೆ ಆ ಪತ್ರಿಕೆಯ ವೆಬ್‌ಸೈಟ್‌ನಲ್ಲಿ ಒಂದು ಸಣ್ಣ ಸುದ್ದಿ. ನೀರಿನ ಘಟಕದ ಮಾಜಿ ಎಂಜಿನಿಯರ್, ಕೈಯಿಂದ ಹೆಣೆದ ಬಲೆ, ಗಾಳದ ಕಾರ್ಡು. ಎಲ್ಲವನ್ನೂ ಅವರೇ ಹೇಳಿದ್ದರು. ಗೋಥೆನ್‌ಬರ್ಗ್ ಕಡೆಯ ಒಬ್ಬ ಪರಿಶೀಲಕಿಯ ತಪ್ಪು ಊಹೆಯಿಂದ ಪತ್ರ ವ್ಯವಹಾರ ಶುರುವಾಯಿತು ಎಂದು ಕೊನೆಯ ಸಾಲು. ಆ ಪರಿಶೀಲಕಿ ಅದನ್ನು ಮೂರು ಸಲ ಓದಿದಳು.

ಅದೇ ದಿನ ಹನ್ನೊಂದಕ್ಕೆ ತನಿಖಾ ವರದಿ ಬಂತು. ಸ್ಕ್ಯಾನ್ ಮಾಡಿದ ಎಂಟು ಪುಟ. ದೂರು ಕೊಟ್ಟವರ ಹೆಸರಿನ ಮೇಲೆ ಕಪ್ಪು ಪಟ್ಟಿ. ವಶಪಡಿಸಿಕೊಂಡ ವಸ್ತುಗಳು: ಅಬ್ಬೋರೆ ಎನ್ನುವ ಇಲ್ಲಿನ ಕೆರೆಮೀನು ಆರು, ಒಂದು ನೀಲಿ ಬಕೆಟ್, ಒಂದು ಬಲೆ. ಬಲೆಯ ವಿವರಣೆ ಅರ್ಧ ಪುಟ. ದುಂಡಗಿದೆ, ಅಂಚಿಗೆ ಸೀಸದ ಗುಂಡುಗಳಿವೆ, ಕೈಯಿಂದ ಹೆಣೆದಂತಿದೆ, ಬಳಸುವ ವಿಧಾನ ತಿಳಿದಿಲ್ಲ. ಕೆಳಗೆ ಪೊಲೀಸ್ ಸೇರಿಸಿದ್ದ: ‘ಕೋರಿಕೆಯ ಮೇರೆಗೆ ಶಂಕಿತರು ವಾಹನ ನಿಲುಗಡೆ ಜಾಗದಲ್ಲಿ ಬಲೆ ಬೀಸಿ ತೋರಿಸಿದರು.’ ಮುಂದಿನ ಪುಟದಲ್ಲಿ ಫೋಟೋ. ಡಾಂಬರಿನ ಮೇಲೆ ಬಲೆ ಪೂರ್ತಿ ಬಿಚ್ಚಿ ಬಿದ್ದಿದೆ, ಎಲ್ಲೂ ಮಡಿಕೆಯಿಲ್ಲ, ದೊಡ್ಡ ನೀರುದೋಸೆಯ ಹಾಗೆ. ಹಿಡಿದ ಪೊಲೀಸನ ಎದುರು ಅಷ್ಟು ಚೆನ್ನಾಗಿ ಬೀಸಿದ್ದರು. ಬಾಸ್ ನನ್ನ ಹಿಂದೆ ನಿಂತು ನೋಡಿದರು. ಇಬ್ಬರೂ ನಗಲಿಲ್ಲ.

ಕೊನೆಯ ಪುಟ: ಬಲೆಯನ್ನು ಹಿಂದಿರುಗಿಸಲು ನಿರ್ಧಾರ, ಮಾಲೀಕರು ಬಂದಿಲ್ಲ. ವರದಿ ತಲುಪಿತೆಂದು ಹೇಳಲು ದಾಖಲೆಯ ಆ ವೃದ್ಧರಿಗೆ ಫೋನ್ ಮಾಡಿದಾಗ ಅದನ್ನೂ ಕೇಳಿದೆ. ನಿಯಮದಂತೆ ಯಾವಾಗಲೋ ಎಸೆಯಬೇಕಿತ್ತು, ಯಾರೂ ಎಸೆದಿಲ್ಲ, ಗೋದಾಮಿನ ಮೊಳೆಗೆ ತೂಗುಹಾಕಿದೆ ಎಂದರು. ಆ ಮಾತನ್ನು ಎಂಜಿನಿಯರ್‌ಗೆ ಮೆಸೇಜ್ ಮಾಡಿದೆ. ಉತ್ತರ ಬರಲಿಲ್ಲ.

ವರದಿಯನ್ನು ನಾಲ್ಕು ಸಾಲಿನಲ್ಲಿ ಬರೆದೆ. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲೈಂಟ್‌ಗೆ ಹೋಯಿತು. ಹನ್ನೊಂದೂವರೆಗೆ ಒಪ್ಪಿಗೆ ಬಂತು, ಕೆಳಗೆ ಮಿಡ್‌ಸೊಮ್ಮರ್ ಶುಭಾಶಯ. ಎಂಜಿನಿಯರ್‌ಗೆ ಒಂದು ಮೇಲ್ ಹಾಕಿ, ಲ್ಯಾಪ್‌ಟಾಪ್ ಮುಚ್ಚಿ, ಟ್ರಾಮ್‌ನಲ್ಲಿ ಕಿಟಕಿಗೆ ತಲೆಯಿಟ್ಟು ಮನೆಗೆ ಹೋದೆ. ಖುಷಿ ಆಯಿತೇ ಎಂದರೆ, ಇಲ್ಲ. ಹೊತ್ತ ಮೂಟೆ ಇಳಿಸಿದ ಮೇಲೆ ಬೆನ್ನು ಮೊದಲು ನೋಯುತ್ತದೆ.

ರಜೆ ಮುಗಿದ ಮೇಲೆ ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು. ಎರಡು ಕಾರಣ, ಪತ್ರ ಮತ್ತು ಫೋನ್. ಮೊದಲನೆಯದಕ್ಕೆ ತಕರಾರಿಲ್ಲದೆ ಸಹಿ ಹಾಕಿದೆ. ಎರಡನೆಯದಕ್ಕೂ ಹಾಕಿದೆ, ಆದರೆ ಅದನ್ನು ಮತ್ತೆ ಮಾಡುತ್ತೇನೆ ಎಂದು ಬಾಸ್‌ಗೆ ಹೇಳಿದೆ. ಗೊತ್ತು ಎಂದರು. ಕನ್ನಡಕ ಮೂಗಿನ ಮೇಲೇ ಇತ್ತು.

ಆಗಸ್ಟ್ ಕೊನೆಯಲ್ಲಿ ಆ ಎಂಜಿನಿಯರ್ ಫೋನ್ ಮಾಡಿದರು. ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. ಸುದ್ದಿ ಬಂದ ದಿನ ಹಳೆಯ ಸಹೋದ್ಯೋಗಿಯೊಬ್ಬ ಮನೆಗೇ ಫೋನ್ ಮಾಡಿದ್ದನಂತೆ, ಎತ್ತಿದ್ದು ಹೆಂಡತಿ. ಏನಂದರು ಎಂದೆ. ಮೀನು ಹಿಡಿದದ್ದಕ್ಕಲ್ಲ, ಮೂರು ವರ್ಷ ಬಲೆ ಕಳೆದುಹೋಯಿತು ಅಂದದ್ದಕ್ಕೆ ಎರಡು ದಿನ ಮಾತು ಬಿಟ್ಟಳು ಎಂದರು.

“ಅಕ್ಕ, ಒಂದು ಪತ್ರ ಬರ್ದು ಕೊಡ್ತೀರಾ? ಸ್ವೀಡಿಷ್ ನಿಮ್ದು ಚೆನ್ನಾಗಿದೆ. ಆ ಬಲೆ ಕಳ್ಸಿ ಅಂತ. ಹೇಗೂ ಈಗ ಎಲ್ರಿಗೂ ಗೊತ್ತಾಯ್ತಲ್ಲ.”

ನನ್ನನ್ನು ಅವರು ಅಕ್ಕ ಎಂದದ್ದು ಅದೇ ಮೊದಲು. ಲ್ಯಾಪ್‌ಟಾಪ್ ಎಳೆದುಕೊಂಡು ಪ್ರಕರಣದ ಸಂಖ್ಯೆ ಹಾಕಿದೆ. ಕೈ ತಾನಾಗಿಯೇ ಹಳೆಯ ದಾರಿ ಹಿಡಿಯಿತು.

“ಕಾರಣ ಏನಂತ ಬರೀಲಿ?” ಎಂದೆ.

“ಕಾರಣ ಎಂತಕ್ಕೆ ಅಕ್ಕ? ಅದು ನಂದು.”

ಅಷ್ಟನ್ನೇ ಬರೆದೆ. ಪ್ರತಿ ಯಾರಿಗೂ ಹಾಕಲಿಲ್ಲ.